ಮರಳ ಮೇಲೆ ಉಳಿದ ಪಾಲು

ನಮ್ಮ ಶಾಲೆಯ ವಿಜ್ಞಾನ ಮಾಸ್ತರು ನಿವೃತ್ತರಾದ ದಿನ ಅವರನ್ನು ಹೊಗಳಲು ಎದ್ದವರೆಲ್ಲ ಅವವೇ ಮೂರು ಶಬ್ದ ಹೇಳಿ ಕೂತರು. ಸರಳ, ಸಜ್ಜನ, ಮಿತಭಾಷಿ. ಸಜ್ಜನ ಎಂಬುದಕ್ಕೆ ನನ್ನದೇನೂ ತಕರಾರಿಲ್ಲ. ಸರಳ ಅಂದಾಗಲೂ ಹಲ್ಲು ಕಚ್ಚಿ ಸುಮ್ಮನಿದ್ದೆ. ಮಿತಭಾಷಿ ಅಂದರಲ್ಲ, ಆಗ ಮಾತ್ರ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ, ನಾವೆಲ್ಲ ವೈನಿ ಎಂದು ಕರೆಯುವವರು, ನನ್ನ ತೊಡೆ ಚಿವುಟಿ, "ಸುಮ್ನಿರೇ, ನಂಗೂ ನಗು ಬರ್ತದೆ" ಅಂದರು. ಅಷ್ಟರಲ್ಲಿ ಮುಖ್ಯ ಅತಿಥಿಗಳಿಗೆ ಕಾರವಾರದ ಬಸ್ಸಿಗೆ ಹೊತ್ತಾಯಿತೆಂದು ನನ್ನ ಭಾಷಣವನ್ನು ಎರಡೇ ಮಾತಿಗೆ ಇಳಿಸಿದರು. ಕನ್ನಡ ಕಲಿಸುವವಳಿಗೆ ಎರಡೇ ಮಾತು ಅಂದರೆ ಉಪವಾಸ ಕೆಡವಿದ ಹಾಗೆ. ಆವತ್ತು ನುಂಗಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ.

ಮಾಸ್ತರು ಅಂಕೋಲೆಯ ಕೇಣಿಯವರು, ಮೀನುಗಾರರ ಮನೆ. ಅಪ್ಪ, ಅಣ್ಣ, ಚಿಕ್ಕಪ್ಪಂದಿರೆಲ್ಲ ದೋಣಿಯವರು. ಇವರೊಬ್ಬರು ಸೀಮೆಸುಣ್ಣ ಹಿಡಿದರು. ಆದರೆ ಗಂಟಲು ಮಾತ್ರ ದೋಣಿಯದೇ ಉಳಿಯಿತು. ತೆರೆಯ ಸದ್ದನ್ನು ಮೀರಿ ಆ ದೋಣಿಯಿಂದ ಈ ದೋಣಿಗೆ ಕೂಗಿ ಮಾತಾಡುವ ಮನೆತನ. ನಾನು ಪಕ್ಕದ ಕೋಣೆಯಲ್ಲಿ ಹಳಗನ್ನಡ ಪದ್ಯ ಬಿಡಿಸಿ ಹೇಳುತ್ತಿದ್ದರೆ ಗೋಡೆಯಾಚೆಯಿಂದ "ಸಜಾತೀಯ ಧ್ರುವಗಳು ವಿಕರ್ಷಿಸುತ್ತವೆ!" ಎಂದು ಗುಡುಗು ಬರುತ್ತಿತ್ತು. ಒಮ್ಮೆ ನನ್ನ ವರ್ಗದ ಹುಡುಗಿಯೊಬ್ಬಳು ಶೃಂಗಾರ ಪದ್ಯದ ಭಾವಾರ್ಥದ ಕೊನೆಯಲ್ಲಿ ಅದನ್ನೂ ಸೇರಿಸಿ ಬರೆದಿದ್ದಳು. ನಾನು ಅರ್ಧ ಅಂಕ ಕೊಟ್ಟೆ. ಗಂಡ ಹೆಂಡಿರ ವಿಷಯದಲ್ಲಿ ಪೂರ್ತಿ ಸುಳ್ಳೇನೂ ಅಲ್ಲವಲ್ಲ.

ಅವರ ಮಾತು ಯಾವಾಗಲೂ "ನಾ ಹೇಳ್ತೆ ಕೇಳಿ" ಎಂದೇ ಸುರುವಾಗಬೇಕು. ಹೇಳಿದ್ದರಲ್ಲಿ ಅರ್ಧ ಸರಿ ಇರುತ್ತಿತ್ತು, ಉಳಿದರ್ಧವನ್ನು ಇನ್ನಷ್ಟು ಜೋರಾಗಿ ಹೇಳುತ್ತಿದ್ದರು. ಶಾಲೆಯ ಅಂಗಳದಲ್ಲಿ ನೇತುಬಿಟ್ಟಿದ್ದ ಕಬ್ಬಿಣದ ಹಳಿಯ ತುಂಡನ್ನು ಕಿತ್ತು ಹಾಕಿಸಿ, ತಮ್ಮ ಕೈಯಾರೆ ಕರೆಂಟಿನ ಗಂಟೆ ಕೂರಿಸಿದರು. ಮೊದಲ ಮಳೆ ಬಿದ್ದ ದಿನ ಮಧ್ಯಾಹ್ನದೊಳಗೇ ಗಂಟೆ ತನ್ನಷ್ಟಕ್ಕೆ ಹೊಡೆದುಕೊಂಡಿತು. ಮಕ್ಕಳು ಪಾಟೀಚೀಲ ಎತ್ತಿಕೊಂಡು ಓಡಿಯೇ ಹೋದರು. ಮುಖ್ಯಾಧ್ಯಾಪಕರು ಕೆಂಡವಾದರು. ಮಾಸ್ತರು ಕಿವಿಗೆ ಸಿಕ್ಕಿಸಿಕೊಂಡಿದ್ದ ಸೀಮೆಸುಣ್ಣ ತೆಗೆದು ಮತ್ತೊಂದು ಕಿವಿಗೆ ಸಿಕ್ಕಿಸಿಕೊಂಡು, "ಗಂಟೆ ಸರಿಯಾಗೇ ಹೊಡ್ದದೆ ಸರ್, ವೇಳೆ ತಪ್ಪಿದ್ದು ಅಷ್ಟೇ" ಅಂದರು. ತಪ್ಪಾಯಿತು ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಒಂದೇ ಸಲ. ಅದನ್ನೇ ಹೇಳಲು ಹೊರಟಿದ್ದೇನೆ.

ಕೇಣಿ ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ ನಮ್ಮ ಮನೆಗಳು. ಮೊದಲನೆಯದು ಮಾಸ್ತರದು, ಆಮೇಲೆ ನಮ್ಮದು. ನಮ್ಮೆದುರಿಗೆ ಕ್ಯಾಶಿಯರ್ ಭಾವನ ಮನೆ. ಬ್ಯಾಂಕಿನಲ್ಲಿದ್ದರು, ಓಣಿಗೆಲ್ಲ ಭಾವ. ಅವರ ತಾಯಿಯ ತವರು ಶೆಟಗೇರಿ, ಹಾಗಾಗಿ ಅವರು ಶೆಟಗೇರಿ ಅಮ್ಮ. ಮೂಲೆಯಲ್ಲಿ ನರ್ಸಬಾಯಿಯ ಮನೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಬ್ಬರನ್ನು ನೋಡಿ ಒಬ್ಬರು ಎಲ್ಲರೂ ಕಂಪ್ಯೂಟರ್ ತಂದಿದ್ದೆವು. ಎಲ್ಲರದೂ ವಿಂಡೋಸ್. ಅದರ ಮೇಲೆ ಕಸೂತಿ ಹಾಕಿದ ಹೊದಿಕೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವು. ಕೆಲಸಕ್ಕಿಂತ ಅಲಂಕಾರವೇ ಹೆಚ್ಚು.

ಮಾಸ್ತರು ಮಾತ್ರ ಹೊದಿಕೆಯವರಲ್ಲ. ಕಾರವಾರದಲ್ಲಿ ಮುಚ್ಚುತ್ತಿದ್ದ ಸೈಬರ್ ಕೆಫೆಯೊಂದರಿಂದ ಹಳೆಯ ಕಂಪ್ಯೂಟರೊಂದನ್ನು ಬಸ್ಸಿನ ಟಪ್ಪಿನ ಮೇಲೆ ಹಾಕಿಸಿಕೊಂಡು ಬಂದರು. ಯಾವುದೋ ಮಾಸಪತ್ರಿಕೆಯ ಜೊತೆ ಬಂದ ಸಿ.ಡಿ.ಯಿಂದ ಅದಕ್ಕೆ ಲಿನಕ್ಸ್ ಹಾಕಿದರು. ಒಳಗೆ ದೊಡ್ಡ ಡಿಸ್ಕು ಕೂರಿಸಿ, ಉಗ್ರಾಣದಲ್ಲಿ ಅಕ್ಕಿಯ ಡಬ್ಬದ ಪಕ್ಕ ಇಟ್ಟರು. ಸಮುದ್ರದ ಗಾಳಿ ಉಪ್ಪು ನೋಡಿ, ವಾರಕ್ಕೊಮ್ಮೆ ಅದರ ಹೊಟ್ಟೆ ಬಿಚ್ಚಿ ಒಳಗಿನ ಹಿತ್ತಾಳೆಯಂತೆ ಹೊಳೆಯುವ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಿದ್ದರು. ವೈನಿ ಅದಕ್ಕೆ ಸವತಿ ಎಂದೇ ಹೆಸರಿಟ್ಟಿದ್ದರು. "ಎಲ್ಲಿದ್ದಾರೆ ಮಾಸ್ತರು?" ಅಂದರೆ, "ಸವತಿಗೆ ಹಲ್ಲುಜ್ಜಿಸ್ತಾ ಇದಾರೆ. ನಂಗೆ ತಲೆನೋವು ಅಂದ್ರೆ ಒಂದ್ ಗುಳಿಗಿ ತಂದವ್ರಲ್ಲ, ಅದ್ಕೆ ನಿತ್ಯ ಆರೈಕಿ" ಅನ್ನುವರು.

ನನ್ನ ಯಜಮಾನರು ದಿನಾ ಕಾರವಾರಕ್ಕೆ ಹೋಗಿ ಬರುವ ಸರಕಾರಿ ನೌಕರ. ಸಂಜೆ ಬಸ್ಸಿಳಿದು ಚಹಾ ಕುಡಿದು ಕಟ್ಟೆಗೆ ಹೋದರೆ ಮಾಸ್ತರ ಜೊತೆ ಅವರ ಕಾಳಗ. ಇವರು ವಿಂಡೋಸಿನ ಪಕ್ಷ, ಅವರು ಲಿನಕ್ಸಿನ ಪಕ್ಷ. "ನಾ ಹೇಳ್ತೆ ಕೇಳಿ, ನಿಮ್ದಕ್ಕೆ ಇಂದಲ್ಲ ನಾಳೆ ವೈರಸ್ಸು ಬಡೀತದೆ. ನನ್ನದಕ್ಕೆ ಬಾ ಅಂದ್ರೂ ಬರೂದಿಲ್ಲ." "ನಿಮ್ಮನೆಗೆ ವೈರಸ್ಸಾದ್ರೂ ಯಾಕೆ ಬರ್ತದೆ ಮಾಸ್ತರೇ, ಅದಕ್ಕೂ ನಿಮ್ಮ ಭಾಷಣ ಕೇಳಬೇಕಲ್ಲ" ಎನ್ನುವರು ಇವರು. ಇಬ್ಬರೂ ಹೊಟ್ಟೆ ತುಂಬ ಜಗಳಾಡಿ ಹಸಿವಾಗಿ ಮನೆಗೆ ಬರುತ್ತಿದ್ದರು.

ಈ ನಾಲ್ಕು ಮನೆಗಳನ್ನು ಒಂದೇ ಡಿಸ್ಕಿಗೆ ಕಟ್ಟುವ ಆಲೋಚನೆ ಅವರ ತಲೆಗೆ ಬಂದದ್ದು ಕೇಣಿಯ ಮರಳಿನ ಮೇಲೆ. ಒಂದು ಭಾನುವಾರ ನಮ್ಮನ್ನೆಲ್ಲ ರಂಪಣಿ ನೋಡಲು ಕರೆದೊಯ್ದಿದ್ದರು. ದಡದಿಂದಲೇ ಹಗ್ಗ ಹಿಡಿದು ಎಳೆಯುವ ಉದ್ದನೆಯ ಬಲೆ ಅದು. ದೊಡ್ಡ ರಂಪಣಿಗಳ ಕಾಲ ಮುಗಿದಿತ್ತು; ಇದು ಮಾಸ್ತರ ಹಿರಿಯಣ್ಣನ ಸಣ್ಣ ಬಲೆ. ನನ್ನ ಯಜಮಾನರು ಪ್ಯಾಂಟು ಮಡಚಿಕೊಂಡು ಚಂದಕ್ಕೆಂದು ಸ್ವಲ್ಪ ಹೊತ್ತು ಹಗ್ಗ ಎಳೆದರು. ಬಲೆ ದಡಕ್ಕೆ ಬಂದು ಮೀನಿನ ರಾಶಿ ಬಿದ್ದ ಮೇಲೆ ಹಿರಿಯಣ್ಣ ಎಲ್ಲರಿಗೂ ಪಾಲು ಹಾಕಿದರು. ಒಂದು ಪಾಲು ಬಂಗಡೆ ನನ್ನ ಯಜಮಾನರ ಕಾಲಬುಡದಲ್ಲೂ ಬಿತ್ತು.

"ಅಯ್ಯೋ, ನನಗ್ಯಾಕೆ? ನಾನು ಸುಮ್ಮನೆ ಹಿಡಿದದ್ದು" ಎಂದು ಇವರು ಹಿಂದೆ ಸರಿದರು.

ಹಿರಿಯಣ್ಣ ಹುಬ್ಬು ಗಂಟಿಕ್ಕಿದರು. "ಹಗ್ಗಕ್ಕೆ ಕೈ ಹಚ್ಚಿದೋರಿಗೆಲ್ಲ ಪಾಲದೆ. ಎತ್ಕಂಡ್ ಹೋಗ್ಬೇಕು. ಮರಳ ಮೇಲೆ ಬಿಟ್ಟು ಹೋದ್ರೆ ಕಾಗೆ ತಿಂತದೆ, ಬಲೆಗೆ ಅವಮಾನ."

ಇವರು ಬೇರೆ ದಾರಿಯಿಲ್ಲದೆ ಬಂಗಡೆಗಳನ್ನು ನನ್ನ ಕೊಡೆಯಲ್ಲಿ ತುಂಬಿಸಿದರು. ಆ ಕೊಡೆಯನ್ನು ನಾನು ಆಮೇಲೆ ಯಾವತ್ತೂ ಬಿಡಿಸಲಿಲ್ಲ, ಅದು ಬೇರೆ ಕಥೆ. ಮಾಸ್ತರು ಮಾತ್ರ ದಾರಿಯುದ್ದಕ್ಕೂ ಆ ಮಾತನ್ನೇ ಜಗಿಯುತ್ತ ಬಂದರು. "ನಾ ಹೇಳ್ತೆ ಕೇಳಿ ಅಕ್ಕೋರೇ, ಓಣಿಗೂ ಒಂದ್ ರಂಪಣಿ ಹಾಕ್ವ. ಡಿಸ್ಕು ನಂದು. ತಂತಿ ಎಳೂಕೆ ಯಾರ್ ಕೈ ಹಚ್ತಾರೋ ಅವ್ರಿಗೆಲ್ಲ ಪಾಲು."

ತಂತಿ ಎಳೆಯುವ ದಿನ ಓಣಿಗೆ ಓಣಿಯೇ ಕೈ ಹಚ್ಚಿತು. ನೀಲಿ ತಂತಿ ಮಾಸ್ತರ ಉಗ್ರಾಣದ ಕಿಟಕಿಯಿಂದ ಹೊರಬಿದ್ದು, ತೆಂಗಿನ ಮರದಿಂದ ನಮ್ಮ ಮಾಡಿಗೆ, ಅಲ್ಲಿಂದ ಕ್ಯಾಶಿಯರ್ ಭಾವನ ಮನೆಗೆ, ಆಮೇಲೆ ದಾಸವಾಳದ ಬೇಲಿಯ ಗುಂಟ ಮೂಲೆಮನೆಗೆ ಹೋಯಿತು. ನರ್ಸಬಾಯಿ ಏಣಿ ಹಿಡಿದರು. ನಾನು ಕತ್ತರಿ ಹಿಡಿದೆ. ಶೆಟಗೇರಿ ಅಮ್ಮ ತಾವೂ ಹೊರಬಂದು ಒಂದು ಬೆರಳಿನಿಂದ ತಂತಿ ಮುಟ್ಟಿ, "ನಾನೂ ಮುಟ್ಟಿದ್ದೆ ಮತ್ತೆ, ಬರ್ಕಣಿ" ಅಂದರು.

ಎಳೆದದ್ದೇನೋ ಆಯಿತು, ನಮ್ಮ ವಿಂಡೋಸಿಗೆ ಅವರ ಲಿನಕ್ಸಿನ ಭಾಷೆ ತಿಳಿಯಬೇಕಲ್ಲ. ಅದಕ್ಕೆ ನಡುವೆ ದುಭಾಷಿಯಂತೆ ಕೆಲಸ ಮಾಡುವ ಸಾಂಬಾ ಎಂಬ ತಂತ್ರಾಂಶವಿದೆಯೆಂದು ಮಾಸ್ತರು ಹೇಳಿದರು. ಆ ಹೆಸರು ಕೇಳಿದ್ದೇ ಶೆಟಗೇರಿ ಅಮ್ಮ ಕೈಮುಗಿದರು. "ನಾ ಮನೇಲಿ ಕೊಂಕಣಿ ಮಾತಾಡ್ತೆ, ಶಾಲೇಲಿ ಕನ್ನಡ. ನಿಮ್ಗೆ ಯಾರಿಗಾದ್ರೂ ತ್ರಾಸಾಯ್ತಾ? ಹಾಂಗೇ ಇದು" ಎಂದು ಮಾಸ್ತರು ನಮಗೆ ಬಿಡಿಸಿ ಹೇಳಿದರು. ಆದರೆ ದುಭಾಷಿಗೆ ಮೊದಮೊದಲು ಬಾಯೇ ಬರಲಿಲ್ಲ. ನಮ್ಮ ಪರದೆಯಲ್ಲಿ ಅವರ ಡಿಸ್ಕಿನ ಹೆಸರು ಕಾಣುವುದು, ಒತ್ತಿದರೆ ಗುಪ್ತಪದ ಕೇಳುವುದು, ಕೊಟ್ಟರೆ ಒಲ್ಲೆನೆನ್ನುವುದು. ಮಾಸ್ತರು ಲುಂಗಿ ಎತ್ತಿ ಕಟ್ಟಿ ಮನೆಯಿಂದ ಮನೆಗೆ ಓಡಿದರು. "ಈಗ ಬಂತಾ?" "ಇಲ್ಲ!" "ಈಗ?" "ಮೊದಲು ಬರ್ತಿದ್ದದ್ದೂ ಹೋಯ್ತು ಮಾಸ್ತರೇ!" ಮಳೆಗಾಲ ಮುಗಿಯುವಷ್ಟರಲ್ಲಿ ಅಂತೂ ಬಂತು. ಎಲ್ಲರ ಕಂಪ್ಯೂಟರಿನಲ್ಲೂ ಹೊಸದೊಂದು ಡ್ರೈವು ಕೂತಿತು. ಹೆಸರು ರಾಶಿ.

ಸುರುವಿನಲ್ಲಿ ಅವರು ಹಾಕಿದ ಕಟ್ಟಳೆ ಬಿಗಿಯಾಗಿತ್ತು. ರಾಶಿಯಲ್ಲಿರುವುದನ್ನು ಎಲ್ಲರೂ ನೋಡಬಹುದು; ಹಾಕುವುದು, ತೆಗೆಯುವುದು ಅವರೊಬ್ಬರೇ. ನರ್ಸಬಾಯಿ ಸೊಂಟಕ್ಕೆ ಕೈಯಿಟ್ಟು ಬಂದು ನಿಂತರು. "ಎಂತ ಮಾಸ್ತರೇ, ನಾ ಏಣಿ ಹಿಡೀಲಿಲ್ವಾ? ನೋಡೂಕ್ ಮಾತ್ರ ಆದ್ರೆ ಅದು ಪಾಲಾ? ಮೀನ್ ಮಾರ್ಕೆಟಿಗೆ ಹೋಗಿ ಕಣ್ಣಲ್ಲಿ ನೋಡ್ಕಂಡ್ ಬಂದ್ರೆ ಸಾರಾಗ್ತದಾ?" ಮಾಸ್ತರಿಗೆ ನಾಟಿತು. ಅಲ್ಲಿಯೇ ಕೂತು ಎಲ್ಲರಿಗೂ ಎಲ್ಲ ಹಕ್ಕೂ ಕೊಟ್ಟುಬಿಟ್ಟರು. "ರಂಪಣೀಲಿ ಮೇಲು ಕೀಳಿಲ್ಲ" ಅಂದರು. ಓಣಿಯವರೆಲ್ಲ ಅಂಗಳದಲ್ಲಿ ಸೇರಿದಾಗ ಹಿರಿಯಣ್ಣನ ಮಾತನ್ನೇ ತಮ್ಮ ದೋಣಿಗಂಟಲಲ್ಲಿ ಇನ್ನೊಮ್ಮೆ ಸಾರಿದರು: ನಿಮ್ಮ ಪಾಲು ನಿಮ್ಮದು, ಸಂಕೋಚ ಬೇಡ, ಎತ್ತಿಕೊಂಡು ಹೋಗಿ, ಮರಳ ಮೇಲೆ ಬಿಡಬೇಡಿ. ನಾವು ತಲೆಯಾಡಿಸಿದೆವು. ಪಾಠ ಚೆನ್ನಾಗಿ ತಲೆಗೆ ಹೋಗಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಆ ರಾಶಿಯ ಚಂದವೇ ಚಂದ. ಭಾವ ಯಕ್ಷಗಾನದ ಪದ ಹಾಕುವರು, ನರ್ಸಬಾಯಿ ಭಜನೆ ಹಾಕುವರು, ನಾನು ವ್ಯಾಕರಣದ ಹಾಳೆ ಹಾಕುವೆ. ಓಣಿಯಲ್ಲಿ ನಡೆದರೆ ನಾಲ್ಕೂ ಮನೆಯಿಂದ ಒಂದೇ ಭಾಗವತರ ದನಿ. ನನ್ನ ಯಜಮಾನರು ವಿಂಡೋಸಿನ ಪಕ್ಷ ಬಿಡಲಿಲ್ಲ, ಆದರೆ ಲಿನಕ್ಸಿನ ಮನೆಯ ಪಾಲು ತಿನ್ನಲು ನಾಚಲೂ ಇಲ್ಲ.

ಮಾಸ್ತರ ಒಬ್ಬಳೇ ಮಗಳ ಮದುವೆ ಗೊತ್ತಾದದ್ದು ಆ ದಿನಗಳಲ್ಲೇ. ಗಂಡು ಕಾರವಾರದವನು. ವೈನಿಗೆ ಇದ್ದದ್ದು ಒಂದೇ ಆಸೆ: ಸ್ಟುಡಿಯೋದವರನ್ನು ಕರೆಸಬೇಕು, ಮುಹೂರ್ತದ ಫೋಟೋ ದೊಡ್ಡದು ಮಾಡಿಸಿ ಹಾಲ್‌ನಲ್ಲಿ ತೂಗುಹಾಕಬೇಕು. ತಮ್ಮ ಮದುವೆಯಲ್ಲಿ ಕೇಣಿಯ ಆ ಬಡತನದಲ್ಲಿ ಒಂದು ಫೋಟೋ ಕೂಡ ತೆಗೆಸಿರಲಿಲ್ಲ. "ನನ್ನ ಮದ್ವಿ ಆಯ್ತು ಹೇಳೂಕೆ ಸಾಕ್ಷಿ ಅಂದ್ರೆ ಇಂವ್ರೇ. ಮಗ್ಳಿಗೆ ಹಾಂಗಾಗೂದ್ ಬೇಡ" ಎಂದು ನನ್ನ ಹತ್ತಿರ ಹೇಳಿಕೊಂಡಿದ್ದರು. ಮಾಸ್ತರು ಕೇಳಬೇಕಲ್ಲ! ಹೊಸ ಡಿಜಿಟಲ್ ಕೆಮರಾ ಬಂದಿತ್ತು. "ನಾ ಹೇಳ್ತೆ ಕೇಳು. ಸ್ಟುಡಿಯೋದಂವ ತೆಗ್ದದ್ದು ಹತ್ತು ವರ್ಷಕ್ಕೆ ಹಳದಿ ಬೀಳ್ತದೆ. ನಾ ತೆಗ್ದದ್ದು ಡಿಸ್ಕಲ್ಲಿ ಸಾಯೂತನಕ ಇರ್ತದೆ." ಗಂಡಿನ ಕಡೆಯವರಿಗೂ ಯಾರನ್ನೂ ಕರೆಯಬೇಡಿ ಎಂದು ಹೇಳಿ ಕಳಿಸಿದರು. ಅವರ ಮನೆತನದಲ್ಲಿ ಯಾವ ಮಗಳನ್ನಾದರೂ ಧಾರೆ ಎರೆಯುವುದು ಹಿರಿಯಣ್ಣ ಮತ್ತು ಅತ್ತಿಗೆಯೇ. ಹಾಗಾಗಿ ತಮ್ಮ ಕೈ ಖಾಲಿ ಇದೆ ಎಂಬುದು ಮಾಸ್ತರ ಲೆಕ್ಕ. ವೈನಿ ಕೊನೆಗೆ ಒಪ್ಪಿದರು, ಒಂದು ಮಾತು ಹೇಳಿಯೇ ಒಪ್ಪಿದರು: "ಮುಹೂರ್ತದ್ದೊಂದು ತಪ್ಪಿದ್ರೆ ನಿಮ್ಗೂ ನಂಗೂ ಮಾತಿಲ್ಲ."

ಅಂಕೋಲೆಯ ಕಲ್ಯಾಣ ಮಂಟಪದಲ್ಲಿ ಮದುವೆ ಗೌಜಿಯಿಂದ ಆಯಿತು. ಮಾಸ್ತರು ಜರಿ ಪಂಚೆ ಎತ್ತಿ ಕಟ್ಟಿ, ಕೆಮರಾ ಹಿಡಿದು ಮಂಟಪದ ಕಂಬ ಕಂಬದ ಹಿಂದೆ ಇಣುಕಿದರು. ಆಗಿನ ಕೆಮರಾದ ಕಾರ್ಡು ಸಣ್ಣದು, ತುಂಬಿಹೋಗುತ್ತಿತ್ತು. ತುಂಬಿದಾಗಲೆಲ್ಲ ಸ್ಕೂಟರ್ ಹತ್ತಿ ಮನೆಗೆ ಓಡಿ, ರಾಶಿಗೆ ಸುರಿದು, ಕಾರ್ಡು ಖಾಲಿ ಮಾಡಿಕೊಂಡು ಬರುವರು. ಗಂಡಿನ ಸೋದರಮಾವ ಒಮ್ಮೆ, "ಹುಡುಗಿಯ ಅಪ್ಪ ಪದೇ ಪದೇ ಎಲ್ಲಿಗೆ ಓಡಿ ಹೋಗುದು? ಹೊಟ್ಟಿ ಸರಿ ಇಲ್ವಾ?" ಎಂದು ನನ್ನನ್ನು ಕೇಳಿದರು. ನಾನು ಹೌದೆಂದೆ. ಲಿನಕ್ಸ್ ಎಂದು ಬಿಡಿಸಿ ಹೇಳುವುದಕ್ಕಿಂತ ಅದೇ ಸುಲಭವಾಗಿತ್ತು.

ಶೆಟಗೇರಿ ಅಮ್ಮನದು ಒಂದು ಪದ್ಧತಿ. ಯಾರ ಮದುವೆಯಾದರೂ ಸರಿ, ಮಂಗಳಸೂತ್ರ ಕಟ್ಟುವ ಹೊತ್ತಿಗೆ ಅವರು ವಧೂವರರ ಪಕ್ಕದಲ್ಲೇ ನಿಂತಿರಬೇಕು. ಪುರೋಹಿತರು ಸರಿಯಿರಿ ಎಂದರೂ ಸರಿಯುವುದಿಲ್ಲ. ಆವತ್ತೂ ಹಸಿರು ಸೀರೆ ಉಟ್ಟು ಹಾಗೆಯೇ ನಿಂತರು. ಹೀಗಾಗಿ ಮುಹೂರ್ತದ ಒಂದೊಂದು ಫೋಟೋದಲ್ಲೂ ಮೂವರು: ಗಂಡು, ಹೆಣ್ಣು, ಶೆಟಗೇರಿ ಅಮ್ಮ.

ಮದುವೆ ಮುಗಿದ ಮೇಲೆ ಮಾಸ್ತರು ಫೋಟೋಗಳನ್ನೆಲ್ಲ ಬೇರೆ ಬೇರೆ ಫೋಲ್ಡರಿಗೆ ಹಾಕಿದರು. ಮುಹೂರ್ತ, ಸ್ಟೇಜು, ಊಟ, ಇತರೆ. ಓಣಿಯಲ್ಲಿ ನಿಂತು, "ರಾಶಿ ಬಿದ್ದದೆ, ಎಲ್ಲ ನಿಮ್ ನಿಮ್ ಪಾಲು ತಕಳಿ!" ಎಂದು ಕೂಗಿದರು. ಆಮೇಲೆ ಶಾಲೆಯ ಪರೀಕ್ಷೆ, ಮದುವೆಯ ಪಾತ್ರೆ ಪರಡಿ ಮರಳಿಸುವ ಗಡಿಬಿಡಿ. ಮನೆಯಲ್ಲಿ ಯಾರೂ ಫೋಟೋದ ಕಡೆ ತಲೆಹಾಕಲಿಲ್ಲ.

ಮಗಳು ಮೊದಲ ಸಲ ಗಂಡನ ಜೊತೆ ತವರಿಗೆ ಬಂದ ದಿನ ಮಾಸ್ತರು ಎಲ್ಲರನ್ನೂ ಕುರ್ಚಿ ಹಾಕಿ ಕೂರಿಸಿದರು. ನನ್ನನ್ನೂ ಕರೆದಿದ್ದರು. "ಈಗ ನೋಡಿ" ಎಂದು ಮುಹೂರ್ತದ ಫೋಲ್ಡರ್ ತೆರೆದರು. ಒಳಗೆ ಏನೂ ಇಲ್ಲ. ಬಿಳಿ ಹಾಳೆಯಂತೆ ಖಾಲಿ. ಸ್ಟೇಜು ತೆರೆದರೆ ಅಲ್ಲಿ ಹೆಸರು ಗೊತ್ತಿಲ್ಲದ ಯಾರೋ ನಾಲ್ಕು ಜನ ನಿಂತಿದ್ದರು. ಊಟದಲ್ಲಿ ಎಂಜಲೆಲೆ ಎತ್ತುವವರ ಬೆನ್ನು. ಮಾಸ್ತರ ಮುಖ ಸುಣ್ಣದ ಗೋಡೆಯಾಯಿತು. ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಇದು ವಿಂಡೋಸಿನದೇ ಕಿತಾಪತಿ! ನಿಮ್ಮ ಮನೆಯಿಂದ್ಲೇ ವೈರಸ್ಸು ಬಂದು ತಿಂದದೆ!" ಎಂದು ನನ್ನ ಮೇಲೇ ಹರಿಹಾಯ್ದರು.

ಗದ್ದಲ ಕೇಳಿ ಕ್ಯಾಶಿಯರ್ ಭಾವ ಬಂದರು, ನರ್ಸಬಾಯಿಯೂ ಬಂದರು. ವಿಷಯ ಕೇಳಿ ಭಾವನಿಗೆ ಆಶ್ಚರ್ಯವಾಯಿತು. "ತಿಂದದ್ದಲ್ಲ ಮಾಸ್ತರೇ. ನಮ್ಮ ಪಾಲು ನಾವು ಆವತ್ತೇ ಎತ್ಕಂಡ್ವಲ. ನಮ್ಮ ಆಯಿ ಇದ್ದ ಫೋಟೋ ಎಲ್ಲ ಕಟ್ ಮಾಡಿ ನಮ್ಮ ಕಂಪ್ಯೂಟರಿಗೆ ಹಾಕ್ಕಂಡೆ."

"ನಾನೂ ಹಾಂಗೇ ಮಾಡ್ದೆ. ಒಂದೂ ಬಿಡ್ಲಿಲ್ಲ" ಎಂದರು ನರ್ಸಬಾಯಿ, ಮೆಚ್ಚುಗೆ ನಿರೀಕ್ಷಿಸುತ್ತ. "ಮರಳ ಮೇಲೆ ಬಿಡ್ಬೇಡಿ ಹೇಳಿ ನೀವೇ ಹೇಳಿದ್ರಿ."

ನನ್ನ ಮನೆಯವರೂ ಮಾಡಿದ್ದು ಅದನ್ನೇ. ಮೂರು ಮನೆಯಲ್ಲಿ ಒಬ್ಬರಾದರೂ ಪ್ರತಿ ಮಾಡಿಕೊಂಡಿರಬೇಕಲ್ಲ? ಇಲ್ಲ. ಎಲ್ಲರೂ ರಾಶಿಯಿಂದ ತಮ್ಮ ಪಾಲನ್ನು ಎತ್ತಿಯೇ ಒಯ್ದಿದ್ದರು. ಪ್ರತಿ ತೆಗೆದುಕೊಂಡು ಮೂಲ ಅಲ್ಲೇ ಬಿಡುವುದು ಪಾಲು ಬಿಟ್ಟು ಹೋದಂತೆ, ಬಲೆಗೆ ಅವಮಾನ. ಮೀನಿನ ವಿದ್ಯೆಯನ್ನು ಡಿಸ್ಕಿಗೆ ಕಲಿಸಲು ಹೋದವರು ಮಾಸ್ತರೇ. ಶಿಷ್ಯರು ನೂರಕ್ಕೆ ನೂರು ಅಂಕ ತೆಗೆದಿದ್ದರು.

ಮಾಸ್ತರಿಗೆ ಜೀವ ಬಂತು. "ಹಾಂಗಾದ್ರೆ ಎಲ್ಲ ಓಣೀಲೇ ಅದೆ! ತನ್ನಿ, ತಿರ್ಗಿ ರಾಶಿಗೆ ಸುರೀರಿ!" ಎಂದರು. ಆಗ ಭಾವ ತಲೆ ಕೆರೆದುಕೊಂಡರು. ಹೋದ ವಾರ ಅವರ ಕಂಪ್ಯೂಟರಿಗೆ ನಿಜವಾಗಿಯೂ ವೈರಸ್ಸು ಬಂದಿತ್ತಂತೆ. ಕಾರವಾರಕ್ಕೆ ಒಯ್ದಿದ್ದರಂತೆ. ರಿಪೇರಿಯವನು ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ ಕೊಟ್ಟಿದ್ದನಂತೆ. ಮುಹೂರ್ತದ ಫೋಟೋಗಳೆಲ್ಲ, ಶೆಟಗೇರಿ ಅಮ್ಮ ಅವುಗಳಲ್ಲಿ ಇದ್ದ ಒಂದೇ ಕಾರಣಕ್ಕೆ, ಆ ಮನೆಯ ಪಾಲಾಗಿದ್ದವು.

ವೈನಿ ಒಂದು ಮಾತೂ ಆಡದೆ ಎದ್ದು ಒಳಗೆ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮರುದಿನದಿಂದ ಆ ಮನೆಯಲ್ಲಿ ಮೀನು ಬಂದ್ ಆಯಿತು. ಕೇಣಿಯಲ್ಲಿ ಹುಟ್ಟಿದ ಮನುಷ್ಯನಿಗೆ ಎರಡು ಹೊತ್ತೂ ಹೆಸರುಬೇಳೆ ತೊವ್ವೆ! ಓಣಿಯ ಉಳಿದ ಮನೆಗಳಿಂದ ತಾರ್ಲೆ ಮೀನು ಹುರಿಯುವ ಪರಿಮಳ ಬರುತ್ತಿದ್ದರೆ ಮಾಸ್ತರು ಕಟ್ಟೆಯ ಮೇಲೆ ಕೂತು ಗಾಳಿಯ ದಿಕ್ಕಿಗೆ ಮೂಗು ತಿರುಗಿಸುತ್ತಿದ್ದರು. ನನ್ನ ಯಜಮಾನರು ಒಂದು ಬಟ್ಟಲಲ್ಲಿ ಗುಟ್ಟಾಗಿ ತಂದು ಕೊಟ್ಟರೆ, "ಬೇಡ ಮಾರಾಯ್ರೇ, ಅವ್ಳು ಉಣ್ಣೂದಿಲ್ಲ. ನಾ ಹ್ಯಾಂಗೆ ತಿನ್ಲಿ" ಎಂದು ತಿರುಗಿ ಕಳಿಸಿದರು. ವೈನಿಯೂ ಮೀನು ಬಿಟ್ಟಿದ್ದರು. ಅದು ನಮಗೆ ಆಗಲೇ ಗೊತ್ತಾದದ್ದು.

ಮಾಸ್ತರು ಮಾಡದ ಪ್ರಯತ್ನವಿಲ್ಲ. ಭಾವನ ಡಿಸ್ಕನ್ನು ಕಿತ್ತು ತಂದು ತಮ್ಮ ಲಿನಕ್ಸಿಗೆ ಕಟ್ಟಿದರು. ಅಳಿಸಿದ್ದನ್ನು ಕೆದಕಿ ತೆಗೆಯುವ ತಂತ್ರಾಂಶ ಹುಡುಕಿ ತಂದು ದಿನಗಟ್ಟಲೆ ಓಡಿಸಿದರು. ಸಿಕ್ಕಿದವು ಚೂರುಪಾರು. ಒಂದೊಂದು ಚಿತ್ರದ ಮೇಲಂಚು ಮಾತ್ರ ಬಂದು ಕೆಳಗೆಲ್ಲ ಬೂದಿಬಣ್ಣ. ಆ ಮೇಲಂಚಿನಲ್ಲಿ ಮಂಟಪದ ತೋರಣ, ಹೆಚ್ಚೆಂದರೆ ಶೆಟಗೇರಿ ಅಮ್ಮನ ತುರುಬಿನ ಅಬ್ಬಲಿ ಹೂವಿನ ದಂಡೆ. ಅಮ್ಮ ಬಂದು ನೋಡಿ, "ನಂದ್ ಮಾತ್ರ ಚಲೋ ಬಂದದೆ" ಅಂದರು. ಆ ಹೊತ್ತಿನಲ್ಲಿ ಮಾಸ್ತರು ನಕ್ಕರಲ್ಲ, ಅದಕ್ಕೆ ನಾನು ಅವರನ್ನು ಸಜ್ಜನ ಎನ್ನುವುದು.

ಮಗಳು ಮತ್ತೆ ಬರುವ ಭಾನುವಾರ ಓಣಿಯವರೆಲ್ಲ ಉಳಿದ ಪಾಲುಗಳನ್ನು ತಂತಿಯ ಮೇಲೆ ತಿರುಗಿ ರಾಶಿಗೆ ಸುರಿದೆವು. ಬೆಳಿಗ್ಗೆ ಮಾಸ್ತರ ಮನೆಯಲ್ಲಿ ಸೇರಿದೆವು. ವೈನಿ ಬಾಗಿಲಿಗೆ ಒರಗಿ ನಿಂತರು, ಕೂರಲಿಲ್ಲ. ಮಾಸ್ತರು ಎಲ್ಲರ ಎದುರಿಗೆ, ಕಿವಿಯ ಸೀಮೆಸುಣ್ಣವೂ ಇಲ್ಲದೆ, ಹೆಂಡತಿಯ ಕಡೆ ತಿರುಗಿ ಅಂದರು, "ತಪ್ಪಾಯ್ತು ಮಾರಾಯ್ತಿ. ಮುಹೂರ್ತದ್ದೊಂದೂ ಸಿಗ್ಲಿಲ್ಲ. ಸ್ಟುಡಿಯೋದವ್ರನ್ನ ನಾ ಕರ್ಸಬೇಕಿತ್ತು." ದನಿ ಎಷ್ಟು ಸಣ್ಣದಾಗಿತ್ತೆಂದರೆ ನನಗೆ ಅದು ಅವರದೇ ಎಂದು ನಂಬಲಾಗಲಿಲ್ಲ.

ಮಗಳು ಮೌಸು ಹಿಡಿದು ಕೂತಿದ್ದಳು. ಸ್ಟೇಜು ನೋಡಿ ಆಯಿತು, ಊಟ ನೋಡಿ ಆಯಿತು. "ಅಪ್ಪಾ, ಈ ಇತರೆ ಅಂದ್ರೆ ಎಂತದು?"

"ಅದ್ರಲ್ಲಿ ಎಂತ ಇಲ್ಲ" ಎಂದು ಮಾಸ್ತರು ಎದ್ದೇಬಿಟ್ಟರು. "ಹಾಳುಮೂಳು. ಕೈತಪ್ಪಿ ಒತ್ತಿ ಹೋದದ್ದು. ಅದನ್ ಮುಚ್ಚು ನೀ."

ಮುಚ್ಚು ಅಂದರೆ ಯಾವ ಮಗಳು ಮುಚ್ಚುತ್ತಾಳೆ! ತೆರೆದಳು. ಈ ಫೋಲ್ಡರಿಗೆ ಓಣಿಯ ಯಾರೂ ಕೈ ಹಾಕಿರಲಿಲ್ಲ. ಇತರೆ ಎಂಬ ಹೆಸರಿನ ಕೆಳಗೆ ತಮ್ಮ ಪಾಲು ಇರಬಹುದೆಂದು ಯಾರಿಗೂ ಅನ್ನಿಸಿರಲಿಲ್ಲ. ಮೊದಲ ಚಿತ್ರದಲ್ಲಿ ವೈನಿ ಅಡುಗೆಯವನಿಗೆ ಸೌಟು ತೋರಿಸಿ ಬೈಯುತ್ತಿದ್ದರು. ಎರಡನೆಯದರಲ್ಲಿ ಯಾರದೋ ಮಗುವಿಗೆ ಜಡೆ ಹಾಕುತ್ತಿದ್ದರು. ಆಮೇಲೆ ಚಹಾದ ಲೋಟ ಹಿಡಿದು ಗೋಡೆಗೆ ಒರಗಿ ನಿಂತದ್ದು. ತರಕಾರಿ ಚೀಲದ ಪಕ್ಕ ಕೂತಲ್ಲೇ ಕಣ್ಣು ಮುಚ್ಚಿದ್ದು. ಸೆರಗಿನಿಂದ ಮುಖ ಒರೆಸಿದ್ದು, ನಕ್ಕಿದ್ದು, ಬೀಗಿತ್ತಿಯ ಮುಂದೆ ಠೀವಿಯಿಂದ ನಿಂತದ್ದು, ಒಬ್ಬರೇ ಇದ್ದಾಗ ಕುತ್ತಿಗೆಯ ಸರ ಸರಿಮಾಡಿಕೊಂಡದ್ದು. ಮುಗಿಯುವುದೇ ಇಲ್ಲ. ಕಂಬ ಕಂಬದ ಹಿಂದೆ ನಿಂತು ಆ ಮನುಷ್ಯ ತೆಗೆದದ್ದು ಇದನ್ನು.

ನರ್ಸಬಾಯಿ ಬಾಯಿಗೆ ಸೆರಗು ಹಿಡಿದರು. ವೈನಿ ಬಾಗಿಲು ಬಿಟ್ಟು ಒಂದೊಂದೇ ಹೆಜ್ಜೆ ಮುಂದೆ ಬಂದರು. "ಇಷ್ಟೆಲ್ಲ ಯಾವಾಗ ತೆಗ್ದ್ರಿ?"

ಮಿತಭಾಷಿ ಅಂದರೆ ಮಾಸ್ತರು ಆ ಒಂದು ಗಳಿಗೆ ಮಾತ್ರ. ನೆಲ ನೋಡುತ್ತ ನಿಂತಿದ್ದರು.

ಕೊನೆಯ ಚಿತ್ರ ಬಂತು. ಗಾಳಿಯ ತುಂಬ ಅಕ್ಷತೆ ಹಾರುತ್ತಿದೆ. ಸುತ್ತ ಎತ್ತಿದ ಕೈಗಳು, ಎಲ್ಲರ ಬೆನ್ನು. ಅವುಗಳ ಸಂದಿಯಲ್ಲಿ, ಮಂಟಪದ ಆಚೆ ಬದಿಗೆ ನಿಂತ ವೈನಿಯ ಮುಖವೊಂದೇ ಈ ಕಡೆ. ಬಾಯಿ ಅರ್ಧ ತೆರೆದಿದೆ, ಕಣ್ಣು ತುಂಬಿದೆ. ಅಕ್ಷತೆಯ ಮುಷ್ಟಿ ಎದೆಯ ಹತ್ತಿರ ಹಾಗೇ ಬಿಗಿದಿದೆ, ಎಸೆಯಲು ಮರೆತಿದ್ದಾರೆ.

"ಮುಹೂರ್ತದಲ್ಲಿ ಎಲ್ಲ ಮಗ್ಳನ್ನೇ ನೋಡ್ತಿದ್ರು" ಎಂದು ಮಾಸ್ತರು ಗೋಡೆಗೆ ಹೇಳಿದರು. "ನಿನ್ನ ಯಾರೂ ನೋಡೂದಿಲ್ಲ ಹೇಳಿ ಕಂಡ್ತು. ನಮ್ಮ ಮದ್ವೀಲಿ ಒಂದೂ ತೆಗ್ಸಲಿಲ್ಲ ಅಲ್ದಾ."

ವೈನಿ ಅತ್ತರು. ನಾನೂ ಅತ್ತೆ, ನಾಚಿಕೆಯೇನಿಲ್ಲ. ಕ್ಯಾಶಿಯರ್ ಭಾವ ಕಿಟಕಿಯ ಹೊರಗೆ ಏನೋ ಇದೆ ಎನ್ನುವಂತೆ ನೋಡಿದರು. ಮಗಳು ಬಹಳ ಹೊತ್ತು ಆ ಚಿತ್ರವನ್ನೇ ನೋಡಿ, "ಇದು ನನ್ನ ಪಾಲು" ಅಂದಳು. ಮಾಸ್ತರು ಥಟ್ಟನೆ ಅವಳ ಕೈ ಹಿಡಿದು, ಅದರ ಪ್ರತಿ ಮಾಡಿಕೊಟ್ಟರು.

ಅವಳು ಅದನ್ನು ಕಾರವಾರದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಗಂಡನ ಮನೆಯ ಹಾಲ್‌ನಲ್ಲಿ ತೂಗುಹಾಕಿದ್ದಾಳೆ. ನಾನು ಹೋದ ದಿನ ಬೇರೆ ಯಾರೋ ನೆಂಟರೂ ಬಂದಿದ್ದರು. ಅವರು ಎದ್ದು ಹತ್ತಿರ ಹೋಗಿ ನೋಡಿ, "ಮುಹೂರ್ತದ ಫೋಟೋ ಅಂತೀಯ, ಇದರಲ್ಲಿ ಮದುಮಗಳೇ ಇಲ್ಲವಲ್ಲೇ" ಎಂದರು.

ಅವಳು ಚಹಾದ ತಟ್ಟೆ ಕೆಳಗಿಟ್ಟು ಹೇಳಿದಳು, "ಎದುರಿಗೇ ಇದ್ದೆ. ಅಮ್ಮ ನೋಡ್ತಾ ಇರೂದು ನನ್ನನ್ನೇ ಅಲ್ದಾ."